ನಿಮಗಿದು ಗೊತ್ತೆ? ಕಂಪ್ಯೂಟರ್ ಕುಗ್ಗಿದಾಗ ಕಳೆದುಕೊಳ್ಳುವುದೇನು

2000ದಲ್ಲಿ ಆಪಲ್ ಕಂಪನಿ ಸುಮಾರು 20 ಸೆಂ.ಮೀ. ಅಗಲದ ಘನಾಕಾರದ ಕಂಪ್ಯೂಟರ್ ಹೊರತಂದಿತು. ಹೆಸರು ಪವರ್ ಮ್ಯಾಕ್ ಜಿ4 ಕ್ಯೂಬ್. ಅದರೊಳಗೆ ಫ್ಯಾನ್ ಇರಲಿಲ್ಲ. ಬಿಸಿಗಾಳಿ ತಾನಾಗಿ ಮೇಲಿನಿಂದ ಹೊರಹೋಗುತ್ತಿತ್ತು. ಚೆಲುವೇನೋ ಅಪರೂಪದ್ದೇ, ಬೆಲೆ ಮಾತ್ರ ಕೈಗೆಟುಕಲಿಲ್ಲ. ವರ್ಷದೊಳಗೇ ತಯಾರಿಕೆ ನಿಂತಿತು.

2005ರಲ್ಲಿ ಆಪಲ್ ಮತ್ತೊಂದು ಪುಟ್ಟ ಕಂಪ್ಯೂಟರ್ ತಂದಿತು: ಮ್ಯಾಕ್ ಮಿನಿ. ಆರಂಭಿಕ ಬೆಲೆ 499 ಡಾಲರ್. ಮಾನಿಟರ್, ಕೀಬೋರ್ಡ್, ಮೌಸ್ ಗ್ರಾಹಕರದ್ದೇ. ಈ ಜಾಣ್ಮೆ ಗೆದ್ದಿತು. ಮ್ಯಾಕ್ ಮಿನಿ ಇಂದಿಗೂ ಮಾರಾಟದಲ್ಲಿದೆ.

ಇಂಥ ಪುಟ್ಟ ಪಿಸಿಗಳಲ್ಲಿ ಹೆಚ್ಚಾಗಿ ಇರುವುದು ಲ್ಯಾಪ್‌ಟಾಪ್ ದರ್ಜೆಯ ಪ್ರೊಸೆಸರ್. ವಿದ್ಯುತ್ ಬಳಕೆ ಕಡಿಮೆ, ಹಾಗಾಗಿ ಕರೆಂಟ್ ಹೋದಾಗ ಯುಪಿಎಸ್ ಹೆಚ್ಚು ಹೊತ್ತು ಆಸರೆಯಾಗುತ್ತದೆ. ಕೆಲವನ್ನು ಮಾನಿಟರ್ ಬೆನ್ನಿಗೇ ಸ್ಕ್ರೂ ಹಾಕಿ ಕೂರಿಸಬಹುದು. ಬ್ಯಾಂಕ್ ಕೌಂಟರ್, ಅಂಗಡಿಯ ಬಿಲ್ಲಿಂಗ್, ಮಕ್ಕಳ ಓದು ಇವಕ್ಕೆಲ್ಲ ಧಾರಾಳವಾಗಿ ಸಾಕು.

ಕೊರತೆ ಕಾಣುವುದು ಭಾರದ ಕೆಲಸದಲ್ಲಿ. ಗಂಟೆಗಟ್ಟಲೆ ವಿಡಿಯೊ ಎಡಿಟಿಂಗ್ ನಡೆದರೆ ಇಕ್ಕಟ್ಟಿನ ಪೆಟ್ಟಿಗೆಯಲ್ಲಿ ಬಿಸಿ ಏರುತ್ತದೆ, ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ದೊಡ್ಡ ಗ್ರಾಫಿಕ್ಸ್ ಕಾರ್ಡ್‌ಗೆ ಜಾಗವಿಲ್ಲ. ಅದಕ್ಕಿಂತ ದೊಡ್ಡ ತೊಡಕು ರ‍್ಯಾಮ್‌ನದು: 2024ರ ಮ್ಯಾಕ್ ಮಿನಿಯಲ್ಲಿ ಕೊಂಡ ಮೇಲೆ ಅದನ್ನು ಹೆಚ್ಚಿಸಲಾಗದು. ಹಲವು ವಿಂಡೋಸ್ ಮಿನಿ ಪಿಸಿಗಳಲ್ಲಿ ಸಾಧ್ಯ, ಎಲ್ಲದರಲ್ಲೂ ಅಲ್ಲ.

ಹಣ ಕೊಡುವ ಮುನ್ನ ಅಂಗಡಿಯವರಲ್ಲಿ ಇದೊಂದನ್ನು ತಪ್ಪದೆ ಕೇಳಿ: ರ‍್ಯಾಮ್ ಮತ್ತು ಕಡತಗಳನ್ನಿಡುವ ಎಸ್‌ಎಸ್‌ಡಿ ಮುಂದೆ ಬದಲಾಯಿಸಬಹುದೆ?