ಕಾಫಿ ತೋಟದ ಲೆಕ್ಕ ನಿರ್ಧಾರಕ್ಕೆ ನೆರವಾಗಲು: ಕೊಡಗಿನ ಬೆಳೆಗಾರರಿಗೆ ದತ್ತಾಂಶ ಮಾದರಿಯ ಪರಿಚಯ

ದೇಶದ ಕಾಫಿ ಉತ್ಪಾದನೆಯಲ್ಲಿ ಸುಮಾರು ಮೂರನೇ ಒಂದು ಭಾಗ ಕೊಡಗು ಜಿಲ್ಲೆಯದು. ದೇಶದ ಕಾಫಿ ಹಿಡುವಳಿಗಳ ಪೈಕಿ ಬಹುಪಾಲು 10 ಹೆಕ್ಟೇರಿಗಿಂತ ಚಿಕ್ಕವು. ಹಿಂದೆ ಬೆಳೆಗಾರರು ಫಸಲನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸುತ್ತಿದ್ದರು. 1996ರಲ್ಲಿ ಆ ವ್ಯವಸ್ಥೆ ಸಂಪೂರ್ಣವಾಗಿ ಕೊನೆಗೊಂಡ ಮೇಲೆ ಯಾವಾಗ, ಯಾರಿಗೆ, ಯಾವ ರೂಪದಲ್ಲಿ ಮಾರಬೇಕೆಂಬ ಹೊಣೆ ಬೆಳೆಗಾರರ ಮೇಲೆಯೇ ಬಿದ್ದಿದೆ. ಯಾವ ಬ್ಲಾಕಿನಲ್ಲಿ ಮರುನಾಟಿ ಮಾಡಬೇಕು, ಸ್ಪ್ರಿಂಕ್ಲರ್‌ಗೆ ಹಣ ಹೂಡಿದರೆ ಪ್ರಯೋಜನವಿದೆಯೇ, ಚೆರಿಯನ್ನು ಈಗಲೇ ಮಾರಬೇಕೇ ಎಂಬ ಪ್ರಶ್ನೆಗಳಿಗೆ ಉತ್ತರ ತೋಟದ ಲೆಕ್ಕದಲ್ಲಿಯೇ ಇರುತ್ತದೆ. ಆದರೆ ಆ ಲೆಕ್ಕವನ್ನು ಸರಿಯಾದ ಕ್ರಮದಲ್ಲಿ ಜೋಡಿಸಿದ್ದರೆ ಮಾತ್ರ ಉತ್ತರ ದೊರೆಯುತ್ತದೆ. ಈ ಜೋಡಣೆಯ ಕ್ರಮವನ್ನೇ ದತ್ತಾಂಶ ಮಾದರಿ ಎನ್ನುತ್ತಾರೆ.

ಬರೆದಿಟ್ಟ ಲೆಕ್ಕ ಉತ್ತರ ನೀಡದಿರಲು ಕಾರಣ

ಕೊಡಗಿನ ಬಹುತೇಕ ತೋಟಗಳಲ್ಲಿ ಮಳೆಯ ಪುಸ್ತಕ, ಆಳುಗಳ ಚೆಕ್‌ರೋಲ್, ಕೊಯ್ಲಿನ ತೂಕದ ಪುಸ್ತಕ, ಕಣದ ಲೆಕ್ಕ ಮತ್ತು ಮಾರಾಟದ ಬಿಲ್ಲುಗಳು ಇರುತ್ತವೆ. ಪ್ರತಿಯೊಂದೂ ತನ್ನಷ್ಟಕ್ಕೆ ಸರಿಯಾಗಿಯೇ ಇರುತ್ತದೆ. ಆದರೆ ತೂಕದ ಪುಸ್ತಕದಲ್ಲಿ "ಮನೆ ಹಿಂದಿನ ತೋಟ" ಎಂದು ಬರೆದ ಜಾಗ ಚೆಕ್‌ರೋಲ್‌ನಲ್ಲಿ "3ನೇ ಬ್ಲಾಕ್" ಆಗಿರುತ್ತದೆ. ಪಹಣಿಯಲ್ಲಿ ಅದೇ ಜಾಗಕ್ಕೆ ಸರ್ವೆ ನಂಬರ್ ಮಾತ್ರ ಇರುತ್ತದೆ. ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಬರೆದರೆ, ಇಲಾಖೆಯ ಮಳೆಮಾಪಕ ಮಿ.ಮೀ. ತೋರಿಸುತ್ತದೆ. ಹೀಗಾಗಿ ಒಂದು ಪುಸ್ತಕವನ್ನು ಇನ್ನೊಂದಕ್ಕೆ ಹೊಂದಿಸಲು ಸಾಧ್ಯವಾಗುವುದಿಲ್ಲ.

ಉದ್ಯಮ ಸಂಸ್ಥೆಗಳೂ ಇದೇ ತೊಂದರೆಯನ್ನು ಎದುರಿಸಿದವು. ವಿವಿಧ ವಿಭಾಗಗಳ ಲೆಕ್ಕವನ್ನು ಒಂದೆಡೆ ತಂದು, ಹಲವು ವರ್ಷಗಳ ಇತಿಹಾಸದೊಂದಿಗೆ ಕಾಪಾಡುವ ವ್ಯವಸ್ಥೆಗೆ ದತ್ತಾಂಶ ಉಗ್ರಾಣ ಎಂಬ ಹೆಸರು ಬಂದಿತು. ಬಿಲ್ ಇನ್ಮನ್ ಮತ್ತು ರಾಲ್ಫ್ ಕಿಂಬಲ್ ಅವರು 1990ರ ದಶಕದಲ್ಲಿ ಪ್ರಕಟಿಸಿದ ಗ್ರಂಥಗಳು ಈ ಕ್ಷೇತ್ರಕ್ಕೆ ತಳಹದಿ ಹಾಕಿದವು. ಕಿಂಬಲ್ ಅವರು ವಿವರಿಸಿದ ವಿಧಾನ ಸರಳವಾಗಿರುವುದರಿಂದ ಅದನ್ನು ಸಣ್ಣ ತೋಟದ ಎಕ್ಸೆಲ್ ಹಾಳೆಯಲ್ಲಿಯೂ ಅಳವಡಿಸಬಹುದು.

ಘಟನೆ ಮತ್ತು ವಿವರ: ನಕ್ಷತ್ರ ಮಾದರಿ

ಈ ವಿಧಾನದಲ್ಲಿ ಎಲ್ಲ ಮಾಹಿತಿಯನ್ನು ಎರಡು ಬಗೆಯ ಕೋಷ್ಟಕಗಳಾಗಿ ವಿಂಗಡಿಸಲಾಗುತ್ತದೆ.

ಘಟನಾ ಕೋಷ್ಟಕ: ತೋಟದಲ್ಲಿ ನಡೆದ, ಅಳೆಯಬಹುದಾದ ಸಂಗತಿಗಳು ಇದರಲ್ಲಿರುತ್ತವೆ. ಕೊಯ್ದ ಹಣ್ಣಿನ ಕೆ.ಜಿ., ಬಿದ್ದ ಮಳೆ, ಹಾಕಿದ ಗೊಬ್ಬರ, ಕೊಟ್ಟ ಕೂಲಿ, ಮಾರಿದ ಚೀಲ, ಕಾಂಡಕೊರಕ ತಗಲಿದ್ದರಿಂದ ಕಿತ್ತ ಅರೇಬಿಕಾ ಗಿಡಗಳ ಸಂಖ್ಯೆ ಇವು ಉದಾಹರಣೆಗಳು.

ವಿವರ ಕೋಷ್ಟಕ: ಆ ಘಟನೆ ಎಲ್ಲಿ, ಯಾವಾಗ, ಯಾವುದಕ್ಕೆ, ಯಾರಿಂದ ಎಂಬುದನ್ನು ಇದು ತಿಳಿಸುತ್ತದೆ. ಬ್ಲಾಕ್, ದಿನಾಂಕ, ಬೆಳೆ, ಖರೀದಿದಾರ ಮತ್ತು ಕೆಲಸದ ಬಗೆ ಇವು ಉದಾಹರಣೆಗಳು.

ನಡುವೆ ಘಟನಾ ಕೋಷ್ಟಕವನ್ನು, ಸುತ್ತಲೂ ವಿವರ ಕೋಷ್ಟಕಗಳನ್ನು ಇರಿಸಿ ಗೆರೆಗಳಿಂದ ಜೋಡಿಸಿದರೆ ಚಿತ್ರ ನಕ್ಷತ್ರದಂತೆ ಕಾಣುತ್ತದೆ. ಆದ್ದರಿಂದ ಇದಕ್ಕೆ ನಕ್ಷತ್ರ ಮಾದರಿ ಎಂಬ ಹೆಸರಿದೆ. ಘಟನಾ ಕೋಷ್ಟಕದಲ್ಲಿ ಬ್ಲಾಕಿನ ಪೂರ್ಣ ವಿವರವನ್ನು ಪದೇ ಪದೇ ಬರೆಯುವ ಅಗತ್ಯವಿಲ್ಲ. "ಬ03" ಎಂಬ ಸಂಕೇತ ಸಾಕು. ಆ ಬ್ಲಾಕಿನ ವಿಸ್ತೀರ್ಣ, ತಳಿ, ನಾಟಿ ವರ್ಷ, ನೆರಳು, ಸರ್ವೆ ನಂಬರ್ ಎಲ್ಲವೂ ಬ್ಲಾಕಿನ ವಿವರ ಕೋಷ್ಟಕದಲ್ಲಿ ಒಂದೇ ಕಡೆ ಇರುತ್ತವೆ.

ಒಂದು ಸಾಲು ಏನನ್ನು ಹೇಳುತ್ತದೆ?

ಕೋಷ್ಟಕ ರಚಿಸುವ ಮೊದಲು ಅದರ ಒಂದು ಸಾಲು ಏನನ್ನು ಹೇಳುತ್ತದೆ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆದಿಡಬೇಕು. ಉದಾಹರಣೆಗೆ: "ಕೊಯ್ಲು ಕೋಷ್ಟಕದ ಒಂದು ಸಾಲು ಎಂದರೆ ಒಂದು ದಿನ, ಒಂದು ಬ್ಲಾಕಿನಿಂದ ಬಂದ ಒಂದು ಬೆಳೆಯ ಹಣ್ಣಿನ ತೂಕ." ಸಾಧ್ಯವಾದಷ್ಟು ಸಣ್ಣ ಘಟಕವನ್ನೇ ಆರಿಸಿಕೊಳ್ಳುವುದು ಉತ್ತಮ. ದಿನದ ಲೆಕ್ಕದಿಂದ ತಿಂಗಳ ಲೆಕ್ಕವನ್ನು ಪಡೆಯಬಹುದು. ತಿಂಗಳ ಲೆಕ್ಕದಿಂದ ದಿನದ ಲೆಕ್ಕವನ್ನು ಪಡೆಯಲಾಗದು.

ಬೇರೆ ಬೇರೆ ಘಟಕದ ಲೆಕ್ಕಗಳನ್ನು ಒಂದೇ ಕೋಷ್ಟಕದಲ್ಲಿ ಬೆರೆಸಬಾರದು. ಒಂದು ಬ್ಲಾಕಿಗೆ ಒಂದು ಹಂಗಾಮಿನಲ್ಲಿ ರೂ. 30,000 ಗೊಬ್ಬರದ ಖರ್ಚಾಗಿದ್ದು, ಅದೇ ಬ್ಲಾಕಿನಲ್ಲಿ ಮೂರು ಬಾರಿ ಕೊಯ್ಲು ನಡೆದಿದೆ ಎಂದು ಭಾವಿಸೋಣ. ಕೊಯ್ಲಿನ ಮೂರು ಸಾಲುಗಳ ಪಕ್ಕದಲ್ಲಿ ಈ ಖರ್ಚನ್ನೂ ಬರೆದರೆ ಮೊತ್ತ ರೂ. 90,000 ಎಂದು ಬರುತ್ತದೆ. ಲಾಭದಲ್ಲಿರುವ ಬ್ಲಾಕ್ ನಷ್ಟದಲ್ಲಿರುವಂತೆ ಕಾಣುತ್ತದೆ. ಖರ್ಚಿಗೆ ಒಂದು, ಕೊಯ್ಲಿಗೆ ಒಂದು ಪ್ರತ್ಯೇಕ ಘಟನಾ ಕೋಷ್ಟಕವಿರಬೇಕು. ಎರಡನ್ನೂ ಮೊದಲು ಬ್ಲಾಕ್ ಮತ್ತು ಹಂಗಾಮಿನ ಮಟ್ಟಕ್ಕೆ ಒಟ್ಟುಗೂಡಿಸಿ, ಆ ಬಳಿಕವಷ್ಟೇ ಹೋಲಿಸಬೇಕು.

ಕಾಲದ ಕೋಷ್ಟಕ: ಒಂದೇ ದಿನಕ್ಕೆ ಹಲವು ವರ್ಷ

ಕಾಫಿಯ ಲೆಕ್ಕದಲ್ಲಿ ಹೆಚ್ಚು ಗೊಂದಲ ಉಂಟುಮಾಡುವುದು "ವರ್ಷ" ಎಂಬ ಪದ. ಕಾಫಿ ವರ್ಷ ಅಕ್ಟೋಬರ್‌ನಿಂದ ಸೆಪ್ಟೆಂಬರ್‌ವರೆಗೆ. ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. 2025ರ ಫೆಬ್ರವರಿಯಲ್ಲಿ ಕೊಯ್ದ ರೊಬಸ್ಟಾವನ್ನು ಜೂನ್‌ನಲ್ಲಿ ಮಾರಿದರೆ, ಕೊಯ್ಲಿನ ಕೂಲಿ 2024-25ರ ಆರ್ಥಿಕ ವರ್ಷಕ್ಕೂ ಮಾರಾಟದ ಹಣ 2025-26ಕ್ಕೂ ಸೇರುತ್ತದೆ. ಕಾಫಿ ವರ್ಷದ ಪ್ರಕಾರ ಎರಡೂ 2024-25ರ ಫಸಲಿಗೇ ಸೇರಿವೆ.

ಹೂಮಳೆಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಅಗತ್ಯ. 2024ರ ಮಾರ್ಚ್‌ನಲ್ಲಿ ಬಿದ್ದ ಹೂಮಳೆ ಮತ್ತು ಅದರ ಬೆನ್ನಿಗೆ ಬರುವ ಬ್ಯಾಕಿಂಗ್ ಮಳೆಯ ಫಲ ದೊರೆಯುವುದು 2025ರ ಆರಂಭದ ಕೊಯ್ಲಿನಲ್ಲಿ. ಮಳೆ ಬಿದ್ದದ್ದು 2023-24ರ ಕಾಫಿ ವರ್ಷದಲ್ಲಿ, ಫಸಲು ಬಂದದ್ದು 2024-25ರಲ್ಲಿ. ಎರಡನ್ನೂ ಒಂದೇ ವರ್ಷದ ಹೆಸರಿನಲ್ಲಿ ಹೋಲಿಸಿದರೆ, ಹಿಂದಿನ ಫಸಲಿಗೆ ಮುಂದಿನ ಮಳೆಯನ್ನು ಜೋಡಿಸಿದಂತಾಗುತ್ತದೆ.

ಪರಿಹಾರ ಸುಲಭ. ದಿನಾಂಕದ ಒಂದು ವಿವರ ಕೋಷ್ಟಕ ರಚಿಸಿ, ಪ್ರತಿ ದಿನದ ಎದುರು ತಿಂಗಳು, ಆರ್ಥಿಕ ವರ್ಷ ಮತ್ತು ಕಾಫಿ ವರ್ಷವನ್ನು ಒಮ್ಮೆ ಬರೆದಿಟ್ಟರೆ ಸಾಕು. ಹೂಮಳೆ ಮತ್ತು ಬ್ಯಾಕಿಂಗ್ ಮಳೆಯ ಸಾಲುಗಳಿಗೆ ಮಾತ್ರ "ಫಲ ನೀಡುವ ಫಸಲು ವರ್ಷ" ಎಂಬ ಇನ್ನೊಂದು ಕಾಲಂ ಇರಲಿ. ಸ್ಪ್ರಿಂಕ್ಲರ್‌ನಿಂದ ಕೊಟ್ಟ ನೀರನ್ನು ಮಳೆಯೊಂದಿಗೆ ಕೂಡಿಸದೆ, "ನೀರಿನ ಮೂಲ" ಎಂಬ ಕಾಲಂನಲ್ಲಿ ಬೇರೆಯಾಗಿ ಗುರುತಿಸಬೇಕು. 1 ಇಂಚು ಎಂದರೆ 25.4 ಮಿ.ಮೀ.; ಯಾವುದಾದರೂ ಒಂದೇ ಅಳತೆಯನ್ನು ಉದ್ದಕ್ಕೂ ಬಳಸಬೇಕು.

ಬದಲಾಗುವ ಬ್ಲಾಕ್: ಹಳೆಯದನ್ನು ಅಳಿಸಬೇಡಿ

ತೋಟ ಹತ್ತು ವರ್ಷ ಒಂದೇ ರೀತಿ ಇರುವುದಿಲ್ಲ. ಕಾಂಡಕೊರಕದ ಬಾಧೆಯಿಂದ ಅರೇಬಿಕಾವನ್ನು ತೆಗೆದು ರೊಬಸ್ಟಾ ಹಾಕಿದವರಿದ್ದಾರೆ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ತೋಟದ ಒಂದು ಭಾಗವನ್ನೇ ಕಳೆದುಕೊಂಡವರಿದ್ದಾರೆ. ಇಂತಹ ಸಂದರ್ಭದಲ್ಲಿ ಬ್ಲಾಕಿನ ಹಳೆಯ ವಿವರವನ್ನು ಅಳಿಸಿ ಹೊಸದನ್ನು ಬರೆದರೆ, ಹಿಂದಿನ ಅರೇಬಿಕಾ ಫಸಲೆಲ್ಲವೂ ರೊಬಸ್ಟಾ ಫಸಲೆಂದು ತೋರುತ್ತದೆ. ಐದು ಎಕರೆಯಿಂದ ಬಂದ ಹಳೆಯ ಇಳುವರಿಯನ್ನು ಈಗ ಉಳಿದಿರುವ ಮೂರು ಎಕರೆಯಿಂದ ಭಾಗಿಸಿ, ಆಗ ಎಕರೆ ಇಳುವರಿ ಬಹಳ ಹೆಚ್ಚಿತ್ತೆಂದು ತಪ್ಪಾಗಿ ತಿಳಿಯುವಂತಾಗುತ್ತದೆ.

ಆದ್ದರಿಂದ ಹಳೆಯ ಸಾಲನ್ನು ಮುಕ್ತಾಯ ದಿನಾಂಕದೊಂದಿಗೆ ಹಾಗೆಯೇ ಉಳಿಸಿ, ಹೊಸ ಸಾಲನ್ನು ಸೇರಿಸಬೇಕು:

ಬ03-1: ಅರೇಬಿಕಾ, 5 ಎಕರೆ, 2008ರ ಜೂನ್‌ನಿಂದ 2018ರ ಆಗಸ್ಟ್‌ವರೆಗೆ.
ಬ03-2: ಅರೇಬಿಕಾ, 3 ಎಕರೆ, 2018ರ ಆಗಸ್ಟ್‌ನಿಂದ 2020ರ ಮೇವರೆಗೆ.
ಬ03-3: ರೊಬಸ್ಟಾ, 3 ಎಕರೆ, 2020ರ ಜೂನ್‌ನಿಂದ ಇಂದಿನವರೆಗೆ.

ನಿಜವಾದ ಕೋಷ್ಟಕದಲ್ಲಿ ತಿಂಗಳ ಬದಲು ಪೂರ್ಣ ದಿನಾಂಕವನ್ನೇ ನಮೂದಿಸಬೇಕು. ಒಂದು ಸಾಲು ಮುಗಿದ ಮರುದಿನ ಮುಂದಿನದು ಆರಂಭವಾಗಬೇಕು. ಆಗ ಪ್ರತಿ ಕೊಯ್ಲು ಆಯಾ ದಿನ ಜಾರಿಯಲ್ಲಿದ್ದ ಸಾಲಿಗೆ ಸೇರಿಕೊಳ್ಳುತ್ತದೆ. ನಷ್ಟ ಪರಿಹಾರಕ್ಕೆ ಅರ್ಜಿ ಸಲ್ಲಿಸುವಾಗ "ಕುಸಿತಕ್ಕೆ ಮೊದಲು ಇಲ್ಲಿ ಏನಿತ್ತು?" ಎಂಬ ಪ್ರಶ್ನೆಗೆ ಇಂತಹ ದಾಖಲೆ ನೆರವಾಗುತ್ತದೆ.

ಕೂಡಿಸಬಹುದಾದ ಮತ್ತು ಕೂಡಿಸಬಾರದ ಸಂಖ್ಯೆಗಳು

ತೋಟದ ಅಂಕಿಗಳಲ್ಲಿ ಮೂರು ಬಗೆ ಇವೆ.

1. ಎಲ್ಲ ರೀತಿಯಲ್ಲೂ ಕೂಡಿಸಬಹುದಾದವು: ಕೊಯ್ದ ಕೆ.ಜಿ., ಕೂಲಿ, ಮಾರಾಟದ ಮೊತ್ತ.

2. ಕೆಲವು ರೀತಿಯಲ್ಲಿ ಮಾತ್ರ ಕೂಡಿಸಬಹುದಾದವು: ಗೋದಾಮಿನ ದಾಸ್ತಾನು ಇದಕ್ಕೆ ಉದಾಹರಣೆ. ಫೆಬ್ರವರಿ ಕೊನೆಗೆ 60 ಚೀಲ, ಮಾರ್ಚ್ ಕೊನೆಗೆ 110 ಚೀಲ ಇದ್ದರೆ ಒಟ್ಟು 170 ಚೀಲ ಎಂದಾಗದು. ಎರಡು ಗೋದಾಮುಗಳ ಒಂದೇ ದಿನದ ದಾಸ್ತಾನನ್ನು ಕೂಡಿಸಬಹುದು; ಎರಡು ತಿಂಗಳ ದಾಸ್ತಾನನ್ನು ಕೂಡಿಸಬಾರದು.

3. ಕೂಡಿಸಲೇಬಾರದವು: ಔಟ್‌ಟರ್ನ್, ಎಕರೆ ಇಳುವರಿ, ಕೆ.ಜಿ. ದರ ಮುಂತಾದ ಅನುಪಾತಗಳು.

ಮೂರನೆಯ ಬಗೆಯಲ್ಲಿ ತಪ್ಪಿದರೆ ನೇರವಾಗಿ ಹಣದ ನಷ್ಟವಾಗುತ್ತದೆ. 50 ಕೆ.ಜಿ. ಚೆರಿ ಚೀಲದಿಂದ ದೊರೆಯುವ ಕ್ಲೀನ್ ಕಾಫಿಯ ಕೆ.ಜಿ.ಯನ್ನು ಔಟ್‌ಟರ್ನ್ ಅಥವಾ ಓ.ಟಿ. ಎನ್ನುತ್ತಾರೆ, ವ್ಯಾಪಾರವೂ ಇದರ ಮೇಲೆಯೇ ನಡೆಯುತ್ತದೆ. ಒಬ್ಬ ಬೆಳೆಗಾರರ ಬಳಿ 28 ಓ.ಟಿ.ಯ 100 ಚೀಲ ಮತ್ತು 24 ಓ.ಟಿ.ಯ 20 ಚೀಲ ಇವೆ ಎಂದು ಭಾವಿಸೋಣ. ಎರಡು ಸಂಖ್ಯೆಗಳ ಸರಾಸರಿ 26. ಆ ಲೆಕ್ಕದಲ್ಲಿ 120 ಚೀಲಕ್ಕೆ 3,120 ಕೆ.ಜಿ. ಕ್ಲೀನ್ ಕಾಫಿ ಎಂದಾಗುತ್ತದೆ. ನಿಜವಾದ ಪ್ರಮಾಣ 2,800 ಮತ್ತು 480 ಸೇರಿ 3,280 ಕೆ.ಜಿ.; ನಿಜವಾದ ಸರಾಸರಿ ಓ.ಟಿ. ಸುಮಾರು 27.3. ಸರಳ ಸರಾಸರಿಯನ್ನು ನಂಬಿ ಒಟ್ಟಾಗಿ ಮಾರಿದರೆ 160 ಕೆ.ಜಿ. ಕ್ಲೀನ್ ಕಾಫಿಯ ಬೆಲೆ ಕೈತಪ್ಪುತ್ತದೆ. ಆದ್ದರಿಂದ ಪ್ರತಿ ಲಾಟಿನ ಓ.ಟಿ. ಜೊತೆಗೆ ಚೀಲಗಳ ಸಂಖ್ಯೆ ಮತ್ತು ಕ್ಲೀನ್ ಕಾಫಿಯ ಕೆ.ಜಿ.ಯನ್ನೂ ಘಟನಾ ಕೋಷ್ಟಕದಲ್ಲಿ ದಾಖಲಿಸಬೇಕು. ಒಟ್ಟು ಓ.ಟಿ.ಯನ್ನು ಕೊನೆಯಲ್ಲಿ ಒಟ್ಟು ಕೆ.ಜಿ.ಯನ್ನು ಒಟ್ಟು ಚೀಲಗಳಿಂದ ಭಾಗಿಸಿ ಪಡೆಯಬೇಕು.

ಜಮೀನು ಮತ್ತು ಹಕ್ಕುದಾರರು

ಕೊಡಗಿನ ಜಮ್ಮಾ ಹಿಡುವಳಿಗಳ ಪಹಣಿಯಲ್ಲಿ ಪಟ್ಟೆದಾರರೊಂದಿಗೆ ಕುಟುಂಬದ ಹಲವರ ಹೆಸರು ಇರುವುದುಂಟು. ಒಬ್ಬರೇ ಎರಡು ಮೂರು ಕಡೆ ಜಮೀನು ಹೊಂದಿರುವುದೂ ಉಂಟು. ಗ್ರಾಮದ ಪಟ್ಟಿ ಸಿದ್ಧಪಡಿಸುವ ವಿಸ್ತರಣಾ ಕಾರ್ಯಕರ್ತರು ಪ್ರತಿ ಹೆಸರಿನ ಮುಂದೆ ಪೂರ್ಣ ವಿಸ್ತೀರ್ಣ ಬರೆದರೆ, ಐವರು ಹಕ್ಕುದಾರರ 10 ಎಕರೆ 50 ಎಕರೆಯಾಗಿ ಬಿಡುತ್ತದೆ. ಇದನ್ನು ತಪ್ಪಿಸಲು ಜಮೀನಿಗೆ ಒಂದು, ವ್ಯಕ್ತಿಗೆ ಒಂದು ಕೋಷ್ಟಕ ರಚಿಸಿ, ನಡುವೆ ಸಂಬಂಧ ಕೋಷ್ಟಕವನ್ನು ಇಡಬೇಕು. ಅದರ ಪ್ರತಿ ಸಾಲಿನಲ್ಲಿ ಜಮೀನಿನ ಸಂಕೇತ, ವ್ಯಕ್ತಿಯ ಸಂಕೇತ ಮತ್ತು ಪಾಲು ಇರಲಿ. ವಿಸ್ತೀರ್ಣವನ್ನು ಜಮೀನಿನ ಕೋಷ್ಟಕದಲ್ಲಿ ಮಾತ್ರ ಬರೆಯಬೇಕು. ವ್ಯಕ್ತಿಯ ಗುರುತಿಗೆ ರಾಜ್ಯದ ಫ್ರೂಟ್ಸ್ ತಂತ್ರಾಂಶದ ನೋಂದಣಿ ಸಂಖ್ಯೆ ಸೂಕ್ತ. ಆಧಾರ್ ಮತ್ತು ಬ್ಯಾಂಕ್ ಖಾತೆಯ ಸಂಖ್ಯೆಗಳನ್ನು ಇಂತಹ ಹಾಳೆಯಲ್ಲಿ ಸೇರಿಸಬಾರದು; ರೈತರ ಒಪ್ಪಿಗೆ ಪಡೆದೇ ಮಾಹಿತಿ ಸಂಗ್ರಹಿಸಬೇಕು.

ಮಾರುಕಟ್ಟೆಯ ಹೊಸ ಬೇಡಿಕೆ: ಲಾಟಿನಿಂದ ಬ್ಲಾಕಿನವರೆಗೆ

ಭಾರತದ ಕಾಫಿಗೆ ಯೂರೋಪ್ ದೊಡ್ಡ ಮಾರುಕಟ್ಟೆ. ಐರೋಪ್ಯ ಒಕ್ಕೂಟವು 2023ರಲ್ಲಿ ರೂಪಿಸಿದ ಅರಣ್ಯನಾಶ ತಡೆ ನಿಯಮದ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಅರಣ್ಯ ಕಡಿದ ಭೂಮಿಯಲ್ಲಿ ಬೆಳೆದ ಕಾಫಿಗೆ ಅಲ್ಲಿ ಪ್ರವೇಶವಿಲ್ಲ. ಕಾಫಿ ಬೆಳೆದ ಜಮೀನಿನ ಅಕ್ಷಾಂಶ ಮತ್ತು ರೇಖಾಂಶವನ್ನು ಒದಗಿಸಬೇಕು. 4 ಹೆಕ್ಟೇರ್ ಮೀರಿದ ಜಮೀನಿಗೆ ಗಡಿಯ ಸುತ್ತಲಿನ ಬಿಂದುಗಳನ್ನು ನೀಡಬೇಕು. ಈ ನಿಯಮದ ಜಾರಿಯನ್ನು ಒಂದಕ್ಕಿಂತ ಹೆಚ್ಚು ಬಾರಿ ಮುಂದೂಡಲಾಗಿದೆ. ಹಾಗಿದ್ದರೂ ಸಿದ್ಧತೆಯನ್ನು ಈಗಲೇ ಆರಂಭಿಸುವುದು ಒಳಿತು.

ದತ್ತಾಂಶ ಮಾದರಿಯ ದೃಷ್ಟಿಯಿಂದ ಇದರ ಅರ್ಥವಿಷ್ಟೆ: ಮಾರಿದ ಪ್ರತಿ ಲಾಟು ಯಾವ ಯಾವ ಬ್ಲಾಕುಗಳಿಂದ ಬಂದಿದೆ ಎಂಬುದನ್ನು ಹಿಂದಕ್ಕೆ ಹುಡುಕಲು ಸಾಧ್ಯವಾಗಬೇಕು. ಕಣದಲ್ಲಿ ಎರಡು ಬ್ಲಾಕಿನ ಹಣ್ಣನ್ನು ಬೆರೆಸಿ ಒಣಗಿಸಿದರೆ, ಲಾಟಿನ ಎದುರು ಎರಡೂ ಬ್ಲಾಕುಗಳ ಸಂಕೇತವನ್ನು ಬರೆಯಬೇಕು. ಈ ಒಂದು ಕೊಂಡಿ ತಪ್ಪಿದರೆ ಉಳಿದ ದಾಖಲೆಗಳೆಲ್ಲ ಸರಿಯಿದ್ದರೂ ಲಾಟಿನ ಮೂಲವನ್ನು ತೋರಿಸಲಾಗದು.

ಆರಂಭಿಸುವ ಕ್ರಮ

1. ಉತ್ತರ ಬೇಕಾದ ಮೂರು ಪ್ರಶ್ನೆಗಳನ್ನು ಮೊದಲು ಬರೆಯಿರಿ. ಉದಾಹರಣೆ: ಯಾವ ಬ್ಲಾಕಿನಲ್ಲಿ ಕೆ.ಜಿ. ಹಣ್ಣಿಗೆ ಕೊಯ್ಲಿನ ಕೂಲಿ ಅತಿ ಹೆಚ್ಚು?
2. ಪ್ರತಿ ಬ್ಲಾಕಿಗೆ ಒಂದು ಸಂಕೇತ ನೀಡಿ, ಎಲ್ಲ ಪುಸ್ತಕಗಳಲ್ಲೂ ಅದನ್ನೇ ಬಳಸಿರಿ. ಮೇಸ್ತ್ರಿಗೂ ರೈಟರಿಗೂ ಆ ಪಟ್ಟಿಯನ್ನು ಕೊಡಿರಿ.
3. ಬ್ಲಾಕ್ ಮತ್ತು ದಿನಾಂಕದ ವಿವರ ಕೋಷ್ಟಕಗಳನ್ನು ಸಿದ್ಧಪಡಿಸಿರಿ.
4. ಮೊದಲ ಹಂಗಾಮಿನಲ್ಲಿ ಕೊಯ್ಲು ಮತ್ತು ಮಾರಾಟ ಎಂಬ ಎರಡೇ ಘಟನಾ ಕೋಷ್ಟಕಗಳಿಂದ ಆರಂಭಿಸಿರಿ. ಮಳೆ, ಖರ್ಚು ಮತ್ತು ಕಾಳುಮೆಣಸನ್ನು ಅನಂತರ ಸೇರಿಸಿರಿ.
5. ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನ ಪಿವಟ್ ಟೇಬಲ್ ಮೂಲಕ ಬ್ಲಾಕ್‌ವಾರು, ವರ್ಷವಾರು ಮೊತ್ತ ಪಡೆಯಿರಿ. ತಿಂಗಳಿಗೊಮ್ಮೆ ಆ ಮೊತ್ತವನ್ನು ಕೈಬರಹದ ಪುಸ್ತಕದೊಂದಿಗೆ ತಾಳೆ ನೋಡಿರಿ.
6. ಹಾಳೆಯ ಒಂದು ಪ್ರತಿಯನ್ನು ಬೇರೆ ಕಡೆ ಕಾಪಾಡಿರಿ. ಮಳೆಗಾಲದಲ್ಲಿ ವಿದ್ಯುತ್ ಮತ್ತು ಇಂಟರ್ನೆಟ್ ಕಡಿತಗೊಳ್ಳುವುದರಿಂದ ಕೈಬರಹದ ಪುಸ್ತಕವನ್ನು ಕೈಬಿಡಬೇಡಿರಿ.

ಒಂದು ವರ್ಷದ ಅಂಕಿಗಳನ್ನು ನೋಡಿ ಮರುನಾಟಿಯಂತಹ ದೊಡ್ಡ ನಿರ್ಧಾರ ಕೈಗೊಳ್ಳಬಾರದು. ರೊಬಸ್ಟಾ ಮತ್ತು ಅರೇಬಿಕಾ ಎರಡರಲ್ಲೂ ಒಂದು ವರ್ಷ ಹೆಚ್ಚು, ಮರುವರ್ಷ ಕಡಿಮೆ ಫಸಲು ಬರುವುದು ಸಹಜ. ಕನಿಷ್ಠ ನಾಲ್ಕು ಫಸಲುಗಳ ಲೆಕ್ಕವನ್ನು ಹೋಲಿಸಿದ ಬಳಿಕ ಬ್ಲಾಕಿನ ನಿಜವಾದ ಸ್ಥಿತಿ ಸ್ಪಷ್ಟವಾಗುತ್ತದೆ. ಆದ್ದರಿಂದ ಬರುವ ಕೊಯ್ಲಿನ ಮೊದಲ ದಿನದಿಂದಲೇ ಬ್ಲಾಕಿನ ಸಂಕೇತದೊಂದಿಗೆ ತೂಕ ಬರೆಯುವ ರೂಢಿಯನ್ನು ಆರಂಭಿಸಬೇಕು. ಬ್ಲಾಕುವಾರು ಲೆಕ್ಕದಲ್ಲಿ ಕಂಡುಬಂದ ಕೊರತೆಗೆ ಕಾರಣ ತಿಳಿಯಲು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರ ಅಥವಾ ಸಮೀಪದ ಕಾಫಿ ಮಂಡಳಿ ಕಚೇರಿಯನ್ನು ಸಂಪರ್ಕಿಸುವಾಗ ಈ ಹಾಳೆಯನ್ನು ಜೊತೆಗೆ ಕೊಂಡೊಯ್ದರೆ ಸಲಹೆ ನೀಡುವವರಿಗೂ ಅನುಕೂಲವಾಗುತ್ತದೆ.