ಬೇಳೆಯ ಡಬ್ಬಿಯಿಂದ ಬಂದ ಬೇತಾಳ

ಗುಮಾಸ್ತನಾದವನಿಗೆ ಹವ್ಯಾಸ ಇರಬಾರದು, ಇದ್ದರೂ ಅದು ಕಾಸು ಕೇಳದ ಹವ್ಯಾಸವಾಗಿರಬೇಕು ಎಂದು ನಮ್ಮ ತಂದೆಯವರು ಹೇಳುತ್ತಿದ್ದರು. ಸರ್ಕಾರಿ ಕಛೇರಿ ಸೇರಿದಾಗಿನಿಂದ ಹತ್ತು ವರ್ಷ ಆ ಮಾತನ್ನು ಪಾಲಿಸಿದೆ. ಈ ವರ್ಷ ಮುರಿದೆ. ಮುರಿದದ್ದು ಒಬ್ಬ ಚಿತ್ರಕಾರರಿಗಾಗಿ.

ನಾವಿರುವುದು ಚೆನ್ನೈನ ವಡಪಳನಿಯಲ್ಲಿ, ಒಂದು ಬಾಡಿಗೆ ಮನೆಯಲ್ಲಿ. ‘ಚಂದಮಾಮ’ದ ಕಟ್ಟಡವಿದ್ದದ್ದು ಇದೇ ವಡಪಳನಿಯಲ್ಲಿ. ಮದರಾಸು-26 ಎಂಬ ವಿಳಾಸ ನಮ್ಮ ಹಿರಿಯರಲ್ಲಿ ಹಲವರಿಗೆ ಬಾಯಿಪಾಠವಾಗಿದ್ದೀತು. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಅವರು 1947ರಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭಿಸಿದ ಈ ಮಾಸಪತ್ರಿಕೆ 1949ರಲ್ಲಿ ಕನ್ನಡಕ್ಕೂ ಬಂದಿತು. ಅವರ ವಿಜಯಾ-ವಾಹಿನಿ ಸ್ಟುಡಿಯೋ ಇದ್ದ ನೆಲದಲ್ಲಿ ಈಗ ಆಸ್ಪತ್ರೆಯಿದೆ, ದೊಡ್ಡದೊಂದು ಮಾಲ್ ಇದೆ. ಪತ್ರಿಕೆಯೂ 2013ರ ಸುಮಾರಿಗೆ ನಿಂತುಹೋಯಿತು.

ಹಾಸನದಲ್ಲಿ ನಾನು ಹುಡುಗನಾಗಿದ್ದಾಗ ಓದಲು ಕಲಿತದ್ದು ಚಂದಮಾಮದಿಂದ. ಓದುವುದಕ್ಕೂ ಮೊದಲು ನೋಡುತ್ತಿದ್ದದ್ದು ಒಂದೇ ಚಿತ್ರ: ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ, ಸ್ಮಶಾನದಲ್ಲಿ ನಡೆದು ಬರುವ ವಿಕ್ರಮರಾಜ. ಅದನ್ನು ಬರೆದವರು ‘ಶಂಕರ್’. ಪೂರ್ಣ ಹೆಸರು ಕೆ.ಸಿ. ಶಿವಶಂಕರನ್. 1924ರಲ್ಲಿ ಈರೋಡಿನ ಕಡೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಮದರಾಸಿಗೆ ಬಂದವರು. ನಮ್ಮ ಹಾಗೆ ಅವರೂ ಈ ಪಟ್ಟಣಕ್ಕೆ ಹೊರಗಿನಿಂದ ಬಂದವರೇ. ಶಾಲೆಯ ಚಿತ್ರಕಲೆಯ ಮೇಷ್ಟರು ಅವರ ಕೈಚಳಕ ನೋಡಿ, ಬಿ.ಎ., ಎಂ.ಎ. ಎಂದು ಹೋಗಬೇಡ, ಎಗ್ಮೋರಿನ ಕಲಾಶಾಲೆಗೆ ಸೇರು ಎಂದರಂತೆ. ನನಗೆ ಅಂಥ ಮೇಷ್ಟರು ಸಿಗಲಿಲ್ಲ. ನಾನು ಬಿ.ಎ. ಮಾಡಿ ಗುಮಾಸ್ತನಾದೆ.

ಶಂಕರ್ 1952ರಲ್ಲಿ ಚಂದಮಾಮ ಸೇರಿದರು. ಅಲ್ಲಿ ಆಗಲೇ ‘ಚಿತ್ರಾ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ರಾಘವನ್ ಇದ್ದರು. ಮುಖಪುಟಗಳಿಗೆ ಮಹಾಭಾರತದ ವರ್ಣಚಿತ್ರಗಳನ್ನು ಬರೆದುಕೊಟ್ಟ ಎಂ.ಟಿ.ವಿ. ಆಚಾರ್ಯರಂತೂ ನಮ್ಮ ಕನ್ನಡಿಗರು. ಈ ಹಿರಿಯರ ನಡುವೆ ಬಂದ ಶಂಕರ್ ಸುಮಾರು ಅರವತ್ತು ವರ್ಷ ಬರೆದರು. ಅವರ ಚಿತ್ರವನ್ನು ಒಂದು ಗಳಿಗೆ ನೋಡಿ ಪುಟ ತಿರುಗಿಸುವಂತಿಲ್ಲ. ರಾಜನ ಒಡ್ಡೋಲಗವಾದರೆ ಕಂಬದ ಕೆತ್ತನೆ ಬೇರೆ, ಹಿಂದಿನ ಸಾಲಿನ ಮಂತ್ರಿಯ ಮುಖಭಾವವೂ ಬೇರೆ. ಹಳ್ಳಿಯಾದರೆ ಎತ್ತಿನ ಕೊರಳ ಹಗ್ಗವೂ ಕಾಣಬೇಕು. ಅವರು 2020ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಮರುವರ್ಷ ಪದ್ಮಶ್ರೀ ಬಂದಿತು, ಮರಣಾನಂತರ.

ಈಗ ನನ್ನ ಕಥೆ. ತಿರುವಲ್ಲಿಕ್ಕೇಣಿಯಲ್ಲಿ, ಹಳೆಯ ಪುಸ್ತಕಗಳನ್ನು ರಸ್ತೆಯ ಬದಿಯಲ್ಲಿ ಹರಡಿ ಮಾರುವ ಕಡೆ, ಕನ್ನಡ ಚಂದಮಾಮದ ಒಂದು ವರ್ಷದ ಸಂಚಿಕೆಗಳು ಕ್ಯಾಲಿಕೋ ಬೈಂಡಿನಲ್ಲಿ ನನ್ನ ಕಣ್ಣಿಗೆ ಬಿದ್ದವು. 1960ರ ದಶಕದವು. ವ್ಯಾಪಾರಿ 3,000 ರೂಪಾಯಿ ಹೇಳಿದ. ಚೌಕಾಶಿ ಮಾಡಿ 2,400ಕ್ಕೆ ಇಳಿಸಿದೆ. 300 ಮುಂಗಡ ಕೊಟ್ಟು, ಮೂರು ತಿಂಗಳ ವಾಯಿದೆ ಕೇಳಿದೆ. ಅಂದರೆ ತಿಂಗಳಿಗೆ 700 ರೂಪಾಯಿ ಉಳಿಸಬೇಕು. ಬಾಡಿಗೆ, ಶಾಲೆಯ ಫೀಜು, ಊರಿಗೆ ಕಳುಹಿಸುವ ಹಣ, ಇವನ್ನು ಮುಟ್ಟುವಂತಿಲ್ಲ. ಉಳಿದದ್ದು ದಿನಸಿಯ ಲೆಕ್ಕ ಒಂದೇ.

“ಮಗಳು ಕನ್ನಡ ಓದುವುದಕ್ಕೆ ಅಲ್ಲವೇನ್ರೀ, ಆಗಲಿ” ಎಂದಳು ನನ್ನ ಮನೆಯವಳು. ಎಂಟು ವರ್ಷದ ನಮ್ಮ ಮಗಳಿಗೆ ಶಾಲೆಯಲ್ಲಿ ತಮಿಳು, ಇಂಗ್ಲಿಷು. ಮನೆಯಲ್ಲಿ ಕನ್ನಡ ಮಾತನಾಡುತ್ತಾಳೆ; ಅಕ್ಷರ ತೋರಿಸಿದರೆ ಓಡಿಹೋಗುತ್ತಾಳೆ.

ಅಲ್ಲಿಯವರೆಗೆ ಬಿಟ್ಟುಬಿಡುತ್ತಿದ್ದ ರೇಷನ್ ಅಂಗಡಿಯ ಒಂದು ಕಿಲೋ ತೊಗರಿಬೇಳೆಯನ್ನು 30 ರೂಪಾಯಿಗೂ ಒಂದು ಲೀಟರ್ ಪಾಮಾಯಿಲ್ ಅನ್ನು 25 ರೂಪಾಯಿಗೂ ತಂದೆವು. ಹೊರಗೆ ಬೇಳೆಗೆ ಇದರ ನಾಲ್ಕೈದು ಪಟ್ಟು ಕೊಡಬೇಕು. ವಾರದಲ್ಲಿ ಎರಡು ದಿನ ಬೇಳೆಸಾರಿನ ಬದಲು ಹುರುಳಿಸಾರು, ಒಂದು ದಿನ ಗೊಜ್ಜು. ತಮಿಳುನಾಡಿನಲ್ಲಿ 2021ರಿಂದ ಸಾಧಾರಣ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ಆದ್ದರಿಂದ ಕೋಯಂಬೇಡಿನಿಂದ ತರಕಾರಿ ತರುವ ಕೆಲಸವೂ ಅವಳ ಪಾಲಿಗೇ ಬಂದಿತು. ಉಳಿದ ಹಣ ಖಾಲಿ ಬೇಳೆ ಡಬ್ಬಿಯೊಂದಕ್ಕೆ ಬೀಳುತ್ತಿತ್ತು. ಮೊದಲ ತಿಂಗಳು 700 ಸರಿಯಾಗಿ ಸೇರಿದಾಗ ನಾನು ನನ್ನ ಮಿತವ್ಯಯವನ್ನು ಕಛೇರಿಯಲ್ಲೆಲ್ಲ ಹೊಗಳಿಕೊಂಡೆ.

ಎರಡನೆಯ ತಿಂಗಳ ಕೊನೆಯಲ್ಲಿ ಹಾಲಿನ ಲೆಕ್ಕ ನೋಡಿದೆ. ದಿನಕ್ಕೆ ಅರ್ಧ ಲೀಟರ್ ಕಡಿಮೆಯಾಗಿತ್ತು. ಕೇಳಿದರೆ, “ಸಂಜೆ ಕಾಫಿ ಈಚೆಗೆ ನನಗೆ ಹಿಡಿಸುವುದಿಲ್ಲ” ಎಂದಳು. ಹಿಡಿಸದ್ದು ಯಾವಾಗಿನಿಂದ ಎಂದರೆ ಉತ್ತರವಿಲ್ಲ. ಮಜ್ಜಿಗೆಯೂ ಮಗಳಿಗೆ ಮತ್ತು ನನಗೆ ಮಾತ್ರ ಬಡಿಸುತ್ತಿದ್ದಳೆಂದು ಆಮೇಲೆ ನೆನಪಾಯಿತು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಪುಸ್ತಕದ ಆಸೆ ನನ್ನದು, ಬಿಟ್ಟುಕೊಟ್ಟವಳು ಅವಳು. ನಾನು ಬಿಟ್ಟದ್ದೇನು? ಕಛೇರಿಯ ಕ್ಯಾಂಟೀನಿನಲ್ಲಿ ನನ್ನ ವಡೆ, ಕಾಫಿ ಯಥಾಪ್ರಕಾರ ನಡೆದೇ ಇತ್ತು. ಅದು ಮನೆಯ ಲೆಕ್ಕಕ್ಕೆ ಸೇರಿರಲೇ ಇಲ್ಲ! ದಿನಕ್ಕೆ 30 ರೂಪಾಯಿಯಂತೆ 22 ಕೆಲಸದ ದಿನಗಳಿಗೆ 660. ಬೇಕಾದ ಮೊತ್ತ ಹೆಚ್ಚುಕಡಿಮೆ ಪೂರ್ತಿ ನನ್ನ ಜೇಬಿನಲ್ಲಿಯೇ ಇತ್ತು. ಬೆಳಗಾದ ಮೇಲೆ ಹಾಲನ್ನು ಮೊದಲಿನಂತೆ ಮಾಡಿಸಿದೆ. ಮೂರನೆಯ ತಿಂಗಳು ಕ್ಯಾಂಟೀನಿಗೆ ಹೋಗಲಿಲ್ಲ. ಮಿತ್ರರು ನಕ್ಕರು, ನಗಲಿ. ವಾಯಿದೆಯ ದಿನ ಪುಸ್ತಕ ಮನೆಗೆ ಬಂದಿತು.

ಮಗಳು ಕನ್ನಡವನ್ನು ಬಿಟ್ಟು ಚಿತ್ರಗಳನ್ನಷ್ಟೇ ನೋಡಿದಳು. ನನಗೆ ಸ್ವಲ್ಪ ನಿರಾಶೆಯಾಯಿತು. ಆಗ ಬಂದರು ಪಕ್ಕದ ಮನೆಯ ತಮಿಳು ಪಾಟಿ. ಪುಟ ನೋಡಿ, “ಇದು ನಮ್ಮ ಅಂಬುಲಿಮಾಮಾ ಅಲ್ಲವಾ!” ಎಂದು ತಮ್ಮಲ್ಲಿದ್ದ ಒಂದು ಹರಿದ ಸಂಚಿಕೆಯನ್ನು ತಂದರು. ಚಂದಮಾಮ ಎಲ್ಲ ಭಾಷೆಗಳಲ್ಲಿಯೂ ಅವೇ ಚಿತ್ರಗಳನ್ನು ಅಚ್ಚುಹಾಕುತ್ತಿತ್ತು. ಮಾತು ಮಾತ್ರ ಬೇರೆ. ಮಗಳು ಎರಡನ್ನೂ ಪಕ್ಕಪಕ್ಕಕ್ಕೆ ಇಟ್ಟುಕೊಂಡಳು. ಅದೇ ವಿಕ್ರಮ, ಅದೇ ಹೆಣ. ತಮಿಳಿನಲ್ಲಿ ವೇತಾಳ ಎಂದು ಓದಿ, ಕನ್ನಡದ ಪುಟದಲ್ಲಿ ಬೆರಳಿಟ್ಟು ಹುಡುಕಿದಳು. “ಅಪ್ಪಾ, ಇದು ತಾ, ಇದು ಳ. ಹಾಗಾದರೆ ಮೊದಲನೆಯದು ವೇ ತಾನೆ?” ಎಂದಳು. ‘ವೇ’ ಅಲ್ಲ, ‘ಬೇ’ ಎಂದೆ. ಅವಳು ಕನ್ನಡದಲ್ಲಿ ತಾನಾಗಿ ಓದಿದ ಮೊದಲ ಶಬ್ದ ಬೇತಾಳ. ಅದು ‘ಅಮ್ಮ’ ಆಗಬೇಕಿತ್ತೆಂದು ಮನೆಯವಳ ತಕರಾರು.

ಈಗ ದಿನಕ್ಕೆ ಅರ್ಧ ಪುಟ ಸಾಗುತ್ತಿದೆ. ನಮ್ಮ ಓದುಗ ಬಂಧುಗಳ ಅಟ್ಟಗಳಲ್ಲಿಯೂ ಹಳೆಯ ಚಂದಮಾಮಗಳು ಇದ್ದಾವು. ದಯಮಾಡಿ ರದ್ದಿಗೆ ಹಾಕಬೇಡಿ, ಮಕ್ಕಳ ಕೈಗೆ ಕೊಡಿ. ಕೊಳ್ಳುವವರಿದ್ದರೆ ಕೊಳ್ಳಿ, ಆದರೆ ಉಳಿತಾಯವನ್ನು ಮೊದಲು ನಿಮ್ಮ ಜೇಬಿನಿಂದ ಆರಂಭಿಸಿ. ಅಡುಗೆಮನೆಯ ಡಬ್ಬಿಯನ್ನು ಆಮೇಲೆ ಮುಟ್ಟಬಹುದು.

ಸಂಜೆ ನಮ್ಮ ಮನೆಯಲ್ಲಿ ಎರಡು ಲೋಟ ಕಾಫಿ ಆಗುತ್ತದೆ. ಚಿಕೋರಿ ಮಾತ್ರ ಇನ್ನೂ ಸ್ವಲ್ಪ ಹೆಚ್ಚೇ ಇದೆ.