ಮನೆ ಕಟ್ಟುವ ಮುನ್ನ ಕುಳಿತು ಲೆಕ್ಕ ಹಾಕೋಣ



ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಪ್ರಭು ಯೇಸು ಹೇಳಿದ್ದನ್ನು ನಾವೆಲ್ಲ ಬಲ್ಲೆವು. ಮಳೆಗಾಲ ಮುಗಿಯುತ್ತಲೇ ನಮ್ಮ ಕಾಸರಗೋಡಿನ ಹಳ್ಳಿಗಳಲ್ಲಿ ಹೊಸ ಮನೆಗಳ ಕೆಲಸ ಪ್ರಾರಂಭವಾಗುತ್ತದೆ. ಕಲ್ಲು, ಸಿಮೆಂಟು, ಕಬ್ಬಿಣ, ಮೇಸ್ತ್ರಿಯ ಕೂಲಿ, ಬ್ಯಾಂಕಿನ ಸಾಲ ಇವುಗಳ ಲೆಕ್ಕವನ್ನು ಎಲ್ಲರೂ ಹಾಕುತ್ತಾರೆ. ಇನ್ನೆರಡು ಲೆಕ್ಕಗಳು ಮರೆತುಹೋಗುತ್ತವೆ. ಒಂದು, ಆ ಮನೆಯೊಳಗೆ ಬಾಳುವವರು ಅನುಭವಿಸಬೇಕಾದ ಸೆಕೆ. ಇನ್ನೊಂದು, ಆ ಮನೆಯ ದೆಸೆಯಿಂದ ಗಾಳಿಗೆ ಸೇರುವ ಇಂಗಾಲ.

ಹಂಚಿನ ಮಾಡನ್ನು ಇಳಿಸಿ ತಾರಸಿ ಹಾಕಿದ ಮನೆಗಳನ್ನು ಆಶೀರ್ವದಿಸಲು ನಾವು ಹೋಗುತ್ತಿರುತ್ತೇವೆ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಅದೇ ಮನೆಗಳಿಗೆ ರೋಗಿಗಳನ್ನು ಕಾಣಲು ಹೋದರೆ, ಹೊಸ ಕೋಣೆಯ ಮಂಚ ಬಿಟ್ಟು ಹಳೆಯ ಹಂಚಿನ ಕೊಟ್ಟಿಗೆಯ ಪಕ್ಕದಲ್ಲಿ ಚಾಪೆ ಹಾಸಿ ಮಲಗಿದ ಅಜ್ಜಿಯರನ್ನು ಕಾಣುತ್ತೇವೆ. ಹಗಲಿಡೀ ಬಿಸಿಲುಂಡ ಕಾಂಕ್ರೀಟು ರಾತ್ರಿ ಆ ಶಾಖವನ್ನು ಕೆಳಗೆ ಬಿಡುತ್ತದೆ. ವೃದ್ಧರು, ಹಸುಗೂಸುಗಳು, ಹೃದಯ ಮತ್ತು ಮೂತ್ರಪಿಂಡದ ತೊಂದರೆ ಇರುವವರಿಗೆ ಇದು ಬರೇ ಸೆಕೆಯಲ್ಲ, ಆರೋಗ್ಯಕ್ಕೇ ಅಪಾಯ. ಆಮೇಲೆ ಎ.ಸಿ. ಬರುತ್ತದೆ, ವಿದ್ಯುತ್ ಬಿಲ್ಲು ಏರುತ್ತದೆ.

ಇಂಗಾಲ ಎಲ್ಲಿಂದ ಬರುತ್ತದೆ?

ಇಂಧನ ಮತ್ತು ಕೈಗಾರಿಕೆಗಳಿಂದ ಪ್ರಪಂಚದಲ್ಲಿ ಹೊರಬೀಳುವ ಇಂಗಾಲದ ಡೈಆಕ್ಸೈಡಿನಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕಟ್ಟಡಗಳನ್ನು ಕಟ್ಟುವುದರಿಂದ ಮತ್ತು ಬಳಸುವುದರಿಂದ ಬರುತ್ತದೆ. ಸಿಮೆಂಟನ್ನೇ ನೋಡಿರಿ. ಸುಣ್ಣಕಲ್ಲನ್ನು ಸುಮಾರು 1,450 ಡಿಗ್ರಿ ಶಾಖದಲ್ಲಿ ಸುಡಬೇಕು. ಅದಕ್ಕೆ ಉರಿಸುವ ಕಲ್ಲಿದ್ದಲಿನ ಹೊಗೆ ಒಂದು ಕಡೆ. ಸುಣ್ಣಕಲ್ಲಿನೊಳಗೇ ಅಡಗಿರುವ ಅನಿಲ ಇನ್ನೊಂದು ಕಡೆ. ಶುದ್ಧವಾದ 100 ಕಿಲೋ ಸುಣ್ಣಕಲ್ಲು ಸುಟ್ಟರೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಮಾಮೂಲಿ ಸಿಮೆಂಟಿನ 50 ಕಿಲೋದ ಒಂದು ಚೀಲದ ಹಿಂದೆ ಸುಮಾರು 40 ಕಿಲೋ ಅನಿಲ ಇರುತ್ತದೆ. ಈ ಅನಿಲ ಭೂಮಿಯ ಶಾಖವನ್ನು ಹೊರಹೋಗಲು ಬಿಡದೆ ಹಿಡಿದಿಡುತ್ತದೆ. ಮಳೆಯ ಕಾಲ ತಪ್ಪಿದರೆ ಅಡಿಕೆ, ಕರಿಮೆಣಸಿನ ಗತಿ ಏನೆಂಬುದನ್ನು ಕೃಷಿಕರಾದ ತಮಗೆ ನಾವು ಹೇಳಬೇಕಾಗಿಲ್ಲ.

ಕಟ್ಟುವಾಗ ಮಾಡಬಹುದಾದುದು

1. ಗೋಡೆ: ನಮ್ಮ ಕೆಂಪುಕಲ್ಲನ್ನು ಕೋರೆಯಲ್ಲಿ ಕಡಿಯುವುದು ಮಾತ್ರ, ಸುಡುವುದಿಲ್ಲ. ಹತ್ತಿರದ ಕೋರೆಯ ಒಳ್ಳೆಯ ಕಲ್ಲನ್ನು ಅಚ್ಚುಕಟ್ಟಾಗಿ ಕಟ್ಟಿ, ಮಳೆಯ ಇರಚಲು ತಾಗದ ಕಡೆ ಸಾರಣೆ ಬಿಟ್ಟರೆ ಸಿಮೆಂಟು ಉಳಿಯುತ್ತದೆ.

2. ಸಿಮೆಂಟು: ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಬೆರೆಸಿದ ಸಿಮೆಂಟಿನ ಚೀಲದ ಮೇಲೆ ಪಿ.ಪಿ.ಸಿ. ಎಂದು ಬರೆದಿರುತ್ತದೆ. ಇದರಲ್ಲಿ ಸುಟ್ಟ ಸುಣ್ಣಕಲ್ಲಿನ ಅಂಶ ಕಡಿಮೆ. ಇದು ನಿಧಾನವಾಗಿ ಬಲಗೊಳ್ಳುವುದರಿಂದ ಕನಿಷ್ಠ 10 ದಿನ ತಪ್ಪದೆ ನೀರುಣಿಸಬೇಕು. ಸುಟ್ಟ ಜೇಡಿ ಮತ್ತು ಸುಡದ ಸುಣ್ಣಕಲ್ಲಿನ ಪುಡಿ ಬೆರೆಸುವ ಹೊಸ ಬಗೆಯ ಸಿಮೆಂಟಿಗೂ 2023ರಲ್ಲಿ ಭಾರತೀಯ ಮಾನಕ ದೊರೆತಿದೆ.

3. ತಾರಸಿ: ಕೇರಳದಲ್ಲಿ ನೆಲೆಸಿ 2007ರಲ್ಲಿ ನಿಧನರಾದ ವಾಸ್ತುಶಿಲ್ಪಿ ಲಾರಿ ಬೇಕರ್ ಒಂದು ಸರಳ ದಾರಿ ತೋರಿಸಿದ್ದಾರೆ. ತಾರಸಿಯ ಕೆಳಭಾಗದ ಕಾಂಕ್ರೀಟು ಹೆಚ್ಚು ಭಾರ ಹೊರುವುದಿಲ್ಲ, ಅಲ್ಲಿ ಎಳೆತ ತಡೆಯುವುದು ಕಬ್ಬಿಣ. ಆದುದರಿಂದ ಸರಳುಗಳ ನಡುವೆ ಹಳೆಯ ಮಂಗಳೂರು ಹಂಚುಗಳನ್ನಿಟ್ಟು ಮೇಲೆ ಕಾಂಕ್ರೀಟು ಸುರಿಯುವುದು. ಕಾಂಕ್ರೀಟು ಉಳಿಯುತ್ತದೆ, ಸೆಕೆಯೂ ತಗ್ಗುತ್ತದೆ. ಆದರೆ ಇದನ್ನು ತಿಳಿದ ಇಂಜಿನಿಯರರ ಲೆಕ್ಕವಿಲ್ಲದೆ ಮಾಡತಕ್ಕದ್ದಲ್ಲ. ತಿರುವನಂತಪುರದ ಶ್ರೀಕಾರ್ಯಂನಲ್ಲಿರುವ ಲೊಯೋಲಾ ಪ್ರಾರ್ಥನಾಲಯವೂ ಬೇಕರರ ಕೃತಿಯೇ. ಮಿತವ್ಯಯವೂ ಅಂದವೂ ಒಂದೇ ಕಟ್ಟಡದಲ್ಲಿ ಕೂಡಬಲ್ಲವು ಎಂಬುದಕ್ಕೆ ಅದು ಸಾಕ್ಷಿ.

ಕಟ್ಟಿ ಆಗಿದ್ದರೆ

ಸಾಲ ಮಾಡಿ ಕಟ್ಟಿದ ತಾರಸಿಯನ್ನು ಒಡೆಯಿರಿ ಎಂದು ನಾವು ಹೇಳುವುದಿಲ್ಲ. ಅಡಿಕೆ ಒಣಗಿಸಲೆಂದು ಹಲವರು ತಾರಸಿಯ ಮೇಲೆ ಶೀಟಿನ ಮಾಡು ಮಾಡುತ್ತಾರೆ. ಗಾಳಿಯಾಡುವಂತೆ ಎತ್ತರದಲ್ಲಿ ಮಾಡಿದರೆ ಅದು ಕೆಳಗಿನ ಕೋಣೆಗೂ ನೆರಳು. ಅಷ್ಟು ಖರ್ಚು ಸಾಧ್ಯವಿಲ್ಲದವರು ತಾರಸಿಗೆ ಬಿಳಿ ಬಣ್ಣ ಬಳಿಯಬಹುದು. ಬಿಳಿ ಮಾಡು ಬಿಸಿಲನ್ನು ಹಿಂದಕ್ಕೆ ಕಳುಹಿಸುತ್ತದೆ. ತೆಲಂಗಾಣ ಸರಕಾರವು 2023ರಲ್ಲಿ ಇಂತಹ ತಂಪು ಮಾಡುಗಳಿಗಾಗಿಯೇ ಒಂದು ನೀತಿಯನ್ನು ಹೊರಡಿಸಿತು. ನಮ್ಮ ಮಳೆಗೆ ಪಾಚಿ ಹಿಡಿಯುವುದರಿಂದ ಬೇಸಿಗೆಗೆ ಮುಂಚೆ ತಿಕ್ಕಿ ತೊಳೆದು ಬಳಿಯಬೇಕು. ಪಡುವಣ ಗೋಡೆಯ ಬಳಿ ಒಂದು ಮರವಿದ್ದರೆ ಇನ್ನೂ ಉತ್ತಮ.

ಫ್ಯಾನು ಕೊಳ್ಳುವಾಗ ನಕ್ಷತ್ರದ ಚೀಟಿ ನೋಡಿರಿ. 2023ರಿಂದ ಇದು ಕಡ್ಡಾಯವಾಗಿದೆ. ಹಳೆಯ ಫ್ಯಾನು ಸುಮಾರು 75 ವ್ಯಾಟ್ ಎಳೆದರೆ ಹೊಸ ಬಿ.ಎಲ್.ಡಿ.ಸಿ. ಫ್ಯಾನಿಗೆ ಸುಮಾರು 30 ವ್ಯಾಟ್ ಸಾಕು. ದಿನಕ್ಕೆ 10 ಗಂಟೆ ತಿರುಗಿದರೆ ಎರಡು ದಿನಕ್ಕೆ ಹೆಚ್ಚುಕಡಿಮೆ ಒಂದು ಯುನಿಟ್ ಉಳಿತಾಯ. ಒಂದು ಯುನಿಟ್ ಉಳಿಸಿದರೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ತಪ್ಪುತ್ತದೆ, ಏಕೆಂದರೆ ದೇಶದ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನಿಂದ ಬರುತ್ತದೆ. ಎ.ಸಿ. ಇರುವವರು 24 ಡಿಗ್ರಿಗಿಂತ ಕೆಳಗೆ ಇಳಿಸದಿರಲಿ.

ಸೌರ ವಿದ್ಯುತ್ತಿಗೆ ಕೇಂದ್ರ ಸರಕಾರವು 2024ರ ಫೆಬ್ರವರಿಯಲ್ಲಿ ಪಿ.ಎಂ. ಸೂರ್ಯ ಘರ್ ಯೋಜನೆಯನ್ನು ಪ್ರಾರಂಭಿಸಿ, 1 ಕಿಲೋವ್ಯಾಟಿಗೆ 30,000 ರೂಪಾಯಿ, 2 ಕಿಲೋವ್ಯಾಟಿಗೆ 60,000, 3 ಅಥವಾ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನ ಪ್ರಕಟಿಸಿತು. ಒಂದು ಕಿಲೋವ್ಯಾಟಿಗೆ ನೆರಳಿಲ್ಲದ ಸುಮಾರು 100 ಚದರ ಅಡಿ ಮಾಡು ಬೇಕು. ಬಿಸಿಲಿದ್ದ ದಿನ ಸುಮಾರು 4 ಯುನಿಟ್ ಸಿಗುತ್ತದೆ, ಆಟಿಯ ಮಳೆಯಲ್ಲಿ ಬಹಳ ಕಡಿಮೆ. ತೆಂಗಿನ ನೆರಳು ಬೀಳುವ ಮನೆಗೆ ಇದು ನಷ್ಟದ ಬಾಬತ್ತು. ಮುಂಗಡ ಕೊಡುವ ಮೊದಲು ವಿದ್ಯುತ್ ಮಂಡಳಿಯ ಕಚೇರಿಯಲ್ಲಿ ಆಗಿನ ನಿಯಮ ವಿಚಾರಿಸಿರಿ.

ಧರ್ಮಸಭೆಯ ಮಾದರಿ

2008ರಲ್ಲಿ, ಜಗದ್ಗುರು 16ನೇ ಬೆನೆಡಿಕ್ಟರ ಕಾಲದಲ್ಲಿ, ವ್ಯಾಟಿಕನ್ನಿನ 6ನೇ ಪಾವ್ಲರ ಸಭಾಭವನದ ಮಾಡಿನ ಮೇಲೆ 2,000ಕ್ಕೂ ಮಿಕ್ಕಿ ಸೌರ ಫಲಕಗಳನ್ನು ಅಳವಡಿಸಲಾಯಿತು. 2015ರಲ್ಲಿ ಜಗದ್ಗುರು ಫ್ರಾನ್ಸಿಸ್ ತಮ್ಮ ವಿಶ್ವಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಒಂದೇ ಮನೆಯೆಂದು ಕರೆದು, ಅದು ಕೆಟ್ಟರೆ ಮೊದಲು ನೋಯುವವರು ಬಡವರು ಎಂದು ಎಚ್ಚರಿಸಿದರು.

ಆದುದರಿಂದ ಹೊಸ ಮನೆಗೆ ನಕ್ಷೆ ಬರೆಸುವ ಕುಟುಂಬಗಳಲ್ಲಿ ನಮ್ಮದೊಂದು ಕೋರಿಕೆ. ಮೇಸ್ತ್ರಿಯೊಡನೆ ಮೂರು ಮಾತು ಕೇಳಿರಿ: ಎಷ್ಟು ಸಿಮೆಂಟು ಉಳಿಸಬಹುದು? ಮಧ್ಯಾಹ್ನದ ಬಿಸಿಲು ಯಾವ ಕೋಣೆಗೆ ಬೀಳುತ್ತದೆ? ಅಜ್ಜ ಅಜ್ಜಿ ಎಲ್ಲಿ ಮಲಗುತ್ತಾರೆ? ಅಗತ್ಯಕ್ಕಿಂತ ಎರಡು ಕೋಣೆ ಕಡಿಮೆ ಕಟ್ಟಿದರೆ ಸಾಲವೂ ಹಗುರ, ಗಾಳಿಯೂ ಹಗುರ. ಅಂತಹ ಮನೆಯ ಹೊಸ್ತಿಲಲ್ಲಿ ಆಶೀರ್ವಾದದ ತೀರ್ಥ ಚಿಮುಕಿಸಲು ನಾವು ಸಂತೋಷದಿಂದ ಬರುತ್ತೇವೆ. ದೇವರು ತಮ್ಮ ಕುಟುಂಬಗಳನ್ನು ಆಶೀರ್ವದಿಸಲಿ.